ಲಿಫ್ಟಣ್ಣನ ಕಿವಿ

ಬೆಳಿಗ್ಗೆ ಏಳೂವರೆ. ಹೊಲಿಗೆ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದು, ಸೂಜಿಗೆ ದಾರ ಪೋಣಿಸಿ, ಶಾಲೆ ಯೂನಿಫಾರ್ಮಿನ ಮೊದಲ ಪ್ಯಾಂಟಿಗೆ ಅವಳು ಜೇಬು ಕೂರಿಸುತ್ತಿದ್ದಳು. ಅಷ್ಟರಲ್ಲಿ ಗಂಡ ಬಂದು ಬಾಗಿಲಿಗೆ ಆತುಕೊಂಡು ನಿಂತ. ಒಂದು ಕೈಯಲ್ಲಿ ಸ್ಕೂಟರಿನ ಕೀಲಿ ಇತ್ತು, ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿ.

"ಇವತ್ತೂನಾ?" ಎಂದಳು.

ಅವನು ತಲೆಯಾಡಿಸಿದ. ಈಚೆಗೆ ಅವನು ಏನು ಕೇಳಿದರೂ ತಲೆಯಾಡಿಸುತ್ತಿದ್ದ. ಕೇಳಿಸಿದ್ದಕ್ಕೂ ಅದೇ ಉತ್ತರ, ಕೇಳಿಸದ್ದಕ್ಕೂ ಅದೇ ಉತ್ತರ. ಅವಳು ಮೆಷಿನ್ನಿನ ಪಕ್ಕದ ರಾಶಿ ನೋಡಿದಳು. ಇನ್ನೂ ಇಪ್ಪತ್ತೊಂಬತ್ತು ಪ್ಯಾಂಟು, ಅಷ್ಟೇ ಅಂಗಿ. ಶಾಲೆ ಶುರುವಾಗಲು ಹತ್ತು ದಿನ ಇತ್ತು. ಕತ್ತಿನ ನರ ನಿನ್ನೆಯಿಂದಲೇ ಹಿಡಿದುಕೊಂಡಿತ್ತು. ಆದರೂ ಎದ್ದಳು, ಬಟ್ಟೆಯನ್ನು ಮತ್ತೆ ಮೆಷಿನ್ನಿಗೆ ಹೊದಿಸಿದಳು.

ಅವಳ ಗಂಡನನ್ನು ಊರವರು ಲಿಫ್ಟಣ್ಣ ಎನ್ನುತ್ತಿದ್ದರು. ಟ್ರ್ಯಾಕ್ಟರಿನ ಬೆನ್ನಿಗೆ ನೇಗಿಲನ್ನೋ ಮಣ್ಣು ಪುಡಿಮಾಡುವ ರೋಟವೇಟರನ್ನೋ ಸಿಕ್ಕಿಸಿ ಎತ್ತಿಳಿಸುವ ಏರ್ಪಾಡು ಇರುತ್ತದಲ್ಲ, ಕೆಳಗೆ ಎರಡು ಕೈ, ಮೇಲೊಂದು ಕಂಬಿ, ಒಳಗೆ ಎಣ್ಣೆಯ ಒತ್ತಡ, ಅದನ್ನು ಎಲ್ಲರೂ ಲಿಫ್ಟ್ ಎಂದೇ ಕರೆಯುತ್ತಾರೆ. ಎಂಜಿನ್ ಕೆಟ್ಟರೆ ನೋಡುವವರು ಊರ ತುಂಬ ಇದ್ದರು. ಲಿಫ್ಟ್ ಮೇಲೇಳದಿದ್ದರೆ, ಎದ್ದದ್ದು ನಿಲ್ಲದಿದ್ದರೆ, ಅದರಲ್ಲೂ ಪುಟ್ಟ ಟ್ರ್ಯಾಕ್ಟರುಗಳದ್ದಾದರೆ, ಎಲ್ಲರೂ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಒಮ್ಮೆ ನಾಲ್ಕು ಮಹಡಿಯ ಕಟ್ಟಡದವರು ಹೆಸರು ಕೇಳಿ ಫೋನು ಮಾಡಿ ಕರೆಸಿಕೊಂಡಿದ್ದರು. ಹೋಗಿ ನೋಡಿದರೆ ಜನ ಹತ್ತಿಳಿಯುವ ಲಿಫ್ಟು. "ನಾನು ನೇಗಿಲು ಎತ್ತೋನು ಸ್ವಾಮಿ, ನಿಮ್ಮನ್ನೆಲ್ಲ ಎತ್ತೋಕಾಗಲ್ಲ" ಎಂದು ಹೇಳಿ ಬಂದಿದ್ದ. ಈ ಕಥೆಯನ್ನು ಅವನು ನೂರು ಸಲ ಹೇಳಿದ್ದ. ಅವಳೂ ನೂರು ಸಲ ನಕ್ಕಿದ್ದಳು, ಕೊನೆಯ ಐವತ್ತು ಸಲ ಅಭ್ಯಾಸಬಲದಿಂದ.

ಅವನ ಕಸುಬೆಲ್ಲ ಇದ್ದದ್ದು ಕಿವಿಯಲ್ಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ ಎರಡು ನಿಮಿಷ ಕಣ್ಣು ಮುಚ್ಚಿ ನಿಂತರೆ ಸಾಕು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. "ಪಂಪು ಅಳ್ತಾ ಇದ್ರೆ ಅದಕ್ಕೆ ಎಣ್ಣೆ ಸಿಕ್ತಾ ಇಲ್ಲ ಅಂತ. ಕಿರುಚ್ತಾ ಇದ್ರೆ ಎಣ್ಣೆ ಸಿಕ್ಕಿದೆ, ಹೋಗೋಕೆ ದಾರಿ ಇಲ್ಲ ಅಂತ. ಸುಮ್ನೆ ಇದ್ರೆ ಅದಕ್ಕೇ ಬೇಜಾರಾಗಿದೆ" ಎಂದು ನಗಿಸುತ್ತಿದ್ದ.

ಆ ಕಿವಿ ಹೋಗಿದೆ ಎಂದು ಅವಳಿಗೆ ತಿಳಿದು ಒಂದೂವರೆ ವರ್ಷವಾಗಿತ್ತು. ಒಂದು ಮಧ್ಯಾಹ್ನ ಅವನು ಅವಳಿಗೆ ಬೆನ್ನು ಹಾಕಿ ಕುಳಿತು ಯಾವುದೋ ವಾಲ್ವ್ ಒರೆಸುತ್ತಿದ್ದ. ಅವಳು ಎರಡು ಮಾರು ಹಿಂದೆ ಕುಳಿತು ಮೆಷಿನ್ ತುಳಿಯುತ್ತಿದ್ದಳು. "ಯಾಕೆ ಹೊಲಿಯೋದು ನಿಲ್ಲಿಸ್ಬಿಟ್ಟೆ? ಮೈ ಹುಷಾರಿಲ್ವಾ?" ಎಂದು ಅವನು ಕೇಳಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಇನ್ನೂ ಜೋರಾಗಿ ತುಳಿದಳು. "ಮಲ್ಕೋ ಹೋಗು ಸ್ವಲ್ಪ ಹೊತ್ತು" ಎಂದ ಅವನು, ತಿರುಗಿ ನೋಡದೆಯೇ. ಕಾಲು ತಾನಾಗಿ ನಿಂತಿತು. ಮೆಷಿನ್ ನಿಂತದ್ದೂ ಅವನಿಗೆ ತಿಳಿಯಲಿಲ್ಲ.

ಕಿವಿಯ ಡಾಕ್ಟರ ಮಾತು ತೆಗೆದರೆ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತಿದ್ದ. ಎರಡು ತಿಂಗಳಾದ ಮೇಲೆ ಒಂದು ದಿನ, "ಸುಮ್ನೆ ನನ್ ಜೊತೆ ಬಾ. ಮನೇಲಿ ಕೂತು ಕೂತು ನಿಂಗೂ ಬೇಜಾರು" ಎಂದ. ಮೆಷಿನ್ನಿನ ಪಕ್ಕ ನಲವತ್ತು ಬಟ್ಟೆ ಬಿದ್ದಿದ್ದವಳಿಗೆ ಬೇಜಾರಂತೆ! ಆದರೂ ಹೋದಳು. ಅಲ್ಲಿ ಟ್ರ್ಯಾಕ್ಟರ್ ಚಾಲೂ ಮಾಡಿಸಿ, ಸ್ಕ್ರೂಡ್ರೈವರನ್ನು ಅವಳ ಕಿವಿಗೆ ಹಿಡಿದು, ಮೆಲ್ಲಗೆ, ಬೇರೆ ಯಾರಿಗೂ ಕಾಣದ ಹಾಗೆ ಹುಬ್ಬೇರಿಸಿದ. ಹೇಗಿದೆ ಸದ್ದು?

ಅಂದಿನಿಂದ ಅವಳು ಅವನ ಕಿವಿಯಾದಳು. ಮನೆಯಲ್ಲಿ ಬೇಜಾರು ಅಂತ ಬರುತ್ತಾಳೆ, ಹಾಗೇ ಕಸುಬೂ ಕಲಿಯುತ್ತಾಳೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಮಾಲೀಕರ ಎದುರು ಬಾಯಿ ಬಿಡುವಂತಿರಲಿಲ್ಲ, ಅದಕ್ಕೇ ಇಬ್ಬರ ನಡುವೆ ಸನ್ನೆ ಬೆಳೆಯಿತು. ಮೂಗು ಮುಟ್ಟಿಕೊಂಡರೆ ಅಳು, ಹಣೆ ಮುಟ್ಟಿಕೊಂಡರೆ ಕಿರುಚಾಟ, ಕೈ ಕಟ್ಟಿದರೆ ಎಲ್ಲ ಸರಿಯಿದೆ. ಫೋನು ಬಂದರೆ ಅವಳೇ ಮಾತಾಡುತ್ತಿದ್ದಳು. ಸ್ಕೂಟರಿನ ಹಿಂದೆ ಕುಳಿತು, ಲಾರಿ ಹಾರ್ನ್ ಹಾಕಿದರೆ ಅವನ ಬಲ ಭುಜ ತಟ್ಟುತ್ತಿದ್ದಳು. ಮನೆಗೆ ಬಂದು ಅಡುಗೆ ಮಾಡಿ, ಆಮೇಲೆ ಮೆಷಿನ್ನಿಗೆ ಕೂರುವಳು. ಸುಸ್ತು ಎನ್ನುವುದು ಅವಳಿಗೆ ಮೈಗೆ ಅಂಟಿದ ಬಟ್ಟೆಯಾಗಿಬಿಟ್ಟಿತ್ತು. ಬಿಚ್ಚಿಡಲು ಹೊತ್ತೇ ಸಿಗುತ್ತಿರಲಿಲ್ಲ.

ಅಂದು ಅವರು ಹೊರಟದ್ದು ಊರಾಚೆ ಕಾಂಪೌಂಡರ ನರ್ಸರಿಗೆ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಔಷಧಿ ಅಳೆದು ಕೊಟ್ಟು ನಿವೃತ್ತರಾದವರು, ಈಗ ಹೂವಿನ ಸಸಿ ಬೆಳೆಸುತ್ತಿದ್ದರು. ನರ್ಸರಿಯಲ್ಲೂ ಆಸ್ಪತ್ರೆಯ ಶಿಸ್ತೇ. ಪ್ರತಿ ಸಾಲಿಗೆ ಒಂದು ಚೀಟಿ, ಪ್ರತಿ ಡಬ್ಬಕ್ಕೆ ಒಂದು ಹೆಸರು, ಗುದ್ದಲಿಗಳಿಗೂ ನಂಬರು. ಅವರ ಟ್ರ್ಯಾಕ್ಟರು ಹಿತ್ತಿಲಲ್ಲಿ ತಿರುಗುವಷ್ಟು ಪುಟ್ಟದು, ತೊಳೆದು ಒರೆಸಿ ಇಟ್ಟಿದ್ದರು. ಅದರ ಬೆನ್ನಿಗೆ ರೋಟವೇಟರ್ ನೆಲಕ್ಕೆ ಕುಸಿದು ಕೂತಿತ್ತು.

"ಮೂರು ವಾರದಿಂದ ಹೀಗೇ ಲಿಫ್ಟಣ್ಣ. ಮೇಲೇಳೋವಾಗ ಬಿಕ್ಕಳಿಸುತ್ತೆ. ಅರ್ಧಕ್ಕೆ ಬಂದು ನಿಲ್ಲುತ್ತೆ. ಸ್ವಲ್ಪ ಹೊತ್ತು ಕೆಲ್ಸ ಮಾಡಿ ಬಿಸಿಯಾದ್ರೆ ಅದೂ ಇಲ್ಲ" ಎಂದರು ಕಾಂಪೌಂಡರು. "ನಾನು ಪುಸ್ತಕ ನೋಡಿ ಏನೇನು ಮಾಡ್ಬೇಕೋ ಎಲ್ಲ ಮಾಡಿದೀನಿ. ಎಣ್ಣೆ ಮಟ್ಟ ನೋಡ್ದೆ. ಫಿಲ್ಟರ್ ಅಂತೂ ಇದು ಶುರುವಾಗೋಕೆ ಮುಂಚೇನೇ ನಾನೇ ಕೈಯಾರೆ ಬದಲಾಯಿಸಿದ್ದೆ."

ಲಿಫ್ಟಣ್ಣ ತಲೆಯಾಡಿಸಿದ. ಬಗ್ಗಿ ನೋಡಿದರೆ ಫಿಲ್ಟರಿನ ಡಬ್ಬದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬದಲಾಯಿಸಿದ ತಾರೀಖು ಬರೆದಿತ್ತು. ತಿಂಗಳೂ ಆಗಿರಲಿಲ್ಲ.

ಅವನ ಪದ್ಧತಿಗೆ ಒಂದು ಕ್ರಮವಿತ್ತು. ಮೊದಲು ಎಣ್ಣೆ, ಆಮೇಲೆ ಫಿಲ್ಟರು, ಆಮೇಲೆ ಲಿವರಿನ ಕಂಬಿಗಳು, ಲಿಫ್ಟ್ ಇಳಿಯುವ ವೇಗ ಹೊಂದಿಸುವ ಸೀಟಿನ ಕೆಳಗಿನ ತಿರುಪು, ಆಮೇಲೆ ಪಂಪು. ಎಲ್ಲಕ್ಕಿಂತ ಕೊನೆಗೆ ಲಿಫ್ಟಿನ ಮುಚ್ಚಳ. ಸುಲಭದ್ದು ಮುಗಿಯದೆ ಕಷ್ಟದ್ದಕ್ಕೆ ಅವನು ಕೈ ಹಾಕುತ್ತಿರಲಿಲ್ಲ. ಅಂದೂ ಎಣ್ಣೆ ನೋಡಿದ, ಕಡ್ಡಿಯಲ್ಲಿ ಗುರುತಿನವರೆಗೆ ಇತ್ತು. ಫಿಲ್ಟರಿನ ತಾರೀಖು ನೋಡಿ ಮುಂದೆ ಹೋದ. ಕಂಬಿಗಳು ಸಲೀಸಾಗಿ ಆಡುತ್ತಿದ್ದವು, ತಿರುಪು ತೆರೆದೇ ಇತ್ತು. ಎಂಜಿನ್ ಚಾಲೂ ಮಾಡಿಸಿ ಸ್ಕ್ರೂಡ್ರೈವರನ್ನು ಹೆಂಡತಿಯ ಕೈಗೆ ಕೊಟ್ಟ.

ಅವಳು ಕಣ್ಣು ಮುಚ್ಚಿದಳು. ಅದು ಅಳುವೂ ಅಲ್ಲ, ಕಿರುಚಾಟವೂ ಅಲ್ಲ. ಒಂದು ಗುಟುಕು, ಒಂದು ಬಿಡುವು, ಎರಡು ಗುಟುಕು, ಆಮೇಲೆ ಸರ್ರೆಂದು ಏನೋ. ಇದಕ್ಕೆ ಅವರಲ್ಲಿ ಸನ್ನೆಯೇ ಇರಲಿಲ್ಲ. ಕಾಂಪೌಂಡರು ಸೀಟಿನ ಮೇಲಿದ್ದರು. ಅವಳು ಗಂಡನ ಎದುರು ಬಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು, "ಮಗು ಬಾಟ್ಲಿ ಚೀಪಿದ ಹಾಗೆ ಇದೆ. ಹಾಲು ಮುಗೀತಾ ಬಂದ್ಮೇಲೆ ಚೀಪುತ್ತಲ್ಲ, ಹಾಲೂ ಗಾಳೀನೂ ಒಟ್ಟಿಗೆ, ಆ ಥರ."

"ಎಣ್ಣೆ ತುಂಬ ಇದೆ. ಫಿಲ್ಟರ್ ಹೊಸದು. ಗಾಳಿ ಎಲ್ಲಿಂದ ಬರುತ್ತೆ?" ಎಂದ ಅವನು. ತನ್ನ ದನಿಯ ಅಳತೆ ಅವನಿಗೇ ಸಿಗದೆ ಜೋರಾಗಿ ಹೇಳಿಬಿಟ್ಟ. ಕಾಂಪೌಂಡರು ತಿರುಗಿ ನೋಡಿದರು.

"ನಂಗೇನು ಗೊತ್ತು? ಕೇಳಿದ್ದು ಹೇಳ್ದೆ" ಎಂದಳು ಅವಳು.

"ಸರಿಯಾಗಿ ಕೇಳಿರಲ್ಲ ನೀನು."

ಆ ಮಾತು ಅವಳಿಗೆ ನಾಟಿತು. ವರ್ಷಕ್ಕೂ ಮೇಲಿಂದ ಅವನ ಬದಲಿಗೆ ಕೇಳುತ್ತಿರುವವಳು ಸರಿಯಾಗಿ ಕೇಳಿಲ್ಲವಂತೆ. ಹೋಗಿ ಮಗುಚಿದ ಕುಂಡವೊಂದರ ಮೇಲೆ ಕುಳಿತಳು. ಅವನು ಲಿಫ್ಟಿನ ಮುಚ್ಚಳ ಬಿಚ್ಚಲು ಶುರುಮಾಡಿದ.

ಅದು ಇಡೀ ದಿನದ ಕೆಲಸ. ಸೀಟು ತೆಗೆಯಬೇಕು, ಲಿವರಿನ ಕಂಬಿಗಳನ್ನು ಕಳಚಬೇಕು, ಬೋಲ್ಟುಗಳನ್ನೆಲ್ಲ ಬಿಚ್ಚಬೇಕು. ಒಬ್ಬರ ಕೈಗೆ ಆಗದ ಮುಚ್ಚಳವನ್ನು ಶೆಡ್ಡಿನ ತೊಲೆಗೆ ರಾಟೆ ಕಟ್ಟಿ ಎತ್ತಬೇಕು. ಅವಳು ಸ್ಪ್ಯಾನರ್ ಕೊಟ್ಟಳು, ಬೋಲ್ಟುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು, ಸರಪಳಿ ಹಿಡಿದಳು. ಕಾಂಪೌಂಡರು ತಟ್ಟೆಯ ಪ್ರತಿ ಬೋಲ್ಟಿಗೂ ಚೀಟಿ ಅಂಟಿಸಿದರು. ಒಳಗಿನ ಪಿಸ್ಟನ್ನಿನ ರಬ್ಬರ್ ರಿಂಗು ಒಂದು ಕಡೆ ಸವೆದಿತ್ತು. ಅದನ್ನು ಕಂಡು ಗಂಡನ ಮುಖ ಅರಳಿತು. ಅವಳ ಕಣ್ಣೆದುರು ಹಿಡಿದು ಆಡಿಸಿ ತೋರಿಸಿದ. ಸವೆದದ್ದು ನಿಜ. ಆದರೆ ಅವಳ ಹಳೇ ಮೆಷಿನ್ನಿನ ಬೆಲ್ಟೂ ಅಷ್ಟೇ ಸವೆದಿತ್ತು, ಅದರಲ್ಲೇ ಅವಳು ವರ್ಷಕ್ಕೆ ನಾನೂರು ಬಟ್ಟೆ ಹೊಲಿಯುತ್ತಿದ್ದಳು.

ಹೊಸ ರಿಂಗು ಹಾಕಿ, ಎಲ್ಲ ಮುಚ್ಚಿ, ತೆಗೆದ ಎಣ್ಣೆ ಸೋಸಿ ತುಂಬುವಾಗ ಸಂಜೆ ಐದಾಗಿತ್ತು. ಚಾಲೂ ಮಾಡಿದರು. ರೋಟವೇಟರ್ ಮೇಲೆದ್ದಿತು. ಇನ್ನೊಮ್ಮೆ ಎತ್ತಿದರೆ ಆಗಲೂ ಎದ್ದಿತು. ಕಾಂಪೌಂಡರು ಎರಡೂ ಕೈ ಮುಗಿದರು. ಸ್ಕೂಟರಿನಲ್ಲಿ ಅವನು ಏನೋ ಹಾಡು ಗುನುಗುತ್ತಿದ್ದ, ಶ್ರುತಿ ಎತ್ತಲೋ ಹೋಗಿತ್ತು. ಹಿಂದೆ ಕುಳಿತ ಅವಳು ಮನಸ್ಸಿನಲ್ಲೇ ಜೇಬು ಎಣಿಸುತ್ತಿದ್ದಳು. ಇಪ್ಪತ್ತೊಂಬತ್ತು ಪ್ಯಾಂಟು, ಪ್ಯಾಂಟಿಗೆ ಮೂರರಂತೆ.

ಮಾರನೆಯ ಬೆಳಿಗ್ಗೆ ಫೋನು ಬಂತು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಮೂರನೇ ಸಾಲಿಗೇ ಮತ್ತೆ ಬಿಕ್ಕಳಿಕೆ ಶುರುವಾಯ್ತು."

ಅವಳು ಫೋನಿಟ್ಟು ಗಂಡನ ಎದುರು ಹೋಗಿ ನಿಂತಳು. ಹೇಳುವ ಮೊದಲೇ ಅವಳ ಮುಖದಲ್ಲಿ ಅವನಿಗೆ ಎಲ್ಲ ಕಂಡಿತು. ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದ. ಅವನಿಗೆ ಅರವತ್ತೊಂದು, ಅವಳಿಗೆ ಐವತ್ತಾರು. ಮುಚ್ಚಳ ಇನ್ನೊಮ್ಮೆ ಎತ್ತುವ ತ್ರಾಣ ಇಬ್ಬರ ಸೊಂಟದಲ್ಲೂ ಇರಲಿಲ್ಲ.

ನರ್ಸರಿಯಲ್ಲಿ ಕಾಂಪೌಂಡರು ಸೀಟಿನ ಮೇಲೆ ಕೂತು ಲಿವರ್ ಎತ್ತಿದರು. ರೋಟವೇಟರ್ ಬಿಕ್ಕುತ್ತಾ ಬಿಕ್ಕುತ್ತಾ ಸೊಂಟದೆತ್ತರಕ್ಕೆ ಬಂತು. ಲಿಫ್ಟಣ್ಣ ಹಿಂದೆ ಹೋಗಿ ಬಗ್ಗಿ, ಲಿಫ್ಟಿನ ಎಡಬದಿಯ ಕೈಯ ಕೀಲನ್ನು ಬೆರಳಿಂದ ತಡವಿ ನೋಡತೊಡಗಿದ. ಎತ್ತಿದ ರೋಟವೇಟರಿನ ಅಡಿಗೆ ಮರದ ದಿಮ್ಮಿ ಕೊಡದೆ ಹತ್ತಿರ ಸುಳಿಯಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು, ಅಂದು ಸುಸ್ತಿಗೋ ಅವಮಾನಕ್ಕೋ ದಿಮ್ಮಿ ಮರೆತಿದ್ದ. ಅವನ ಬಲಗಾಲು ಅದರ ಬ್ಲೇಡುಗಳ ನೇರ ಅಡಿಯಲ್ಲಿತ್ತು.

"ಇಳಿಸ್ಲಾ?" ಎಂದು ಕೂಗಿದರು ಕಾಂಪೌಂಡರು, ತಿರುಗಿ ನೋಡುತ್ತ.

ತನ್ನ ಕಡೆ ಯಾರೋ ನೋಡುತ್ತಿರುವುದಷ್ಟೇ ಅವನಿಗೆ ಕಂಡಿತು. ತಲೆಯಾಡಿಸಿದ.

ನೀರಿನ ಕೊಳಾಯಿ ಬಳಿ ನಿಂತಿದ್ದ ಅವಳಿಗೆ ಇವರ ಪ್ರಶ್ನೆಯೂ ಕೇಳಿಸಿತು, ಅವನು ತಲೆಯಾಡಿಸಿದ್ದೂ ಕಾಣಿಸಿತು. "ರೀ! ಹಿಂದೆ ಬನ್ನಿ!" ಎಂದು ಕಿರುಚಿದಳು. ಕಿರುಚಿ ಫಲವೇನು? ಆರು ಹೆಜ್ಜೆ ಓಡಿ, ಅಂಗಿಯ ಹಿಂಬದಿಗೆ ಎರಡೂ ಕೈ ಹಾಕಿ ಎಳೆದಳು. ಇಬ್ಬರೂ ಸಸಿಯ ಸಾಲಿನ ಮೇಲೆ ಅಂಗಾತ ಬಿದ್ದರು. ರೋಟವೇಟರ್ ಧಡಕ್ಕೆಂದು ನೆಲಕ್ಕೆ ಬಿತ್ತು. ಬ್ಲೇಡುಗಳು ಇಳಿದ ಜಾಗದಲ್ಲಿ ಅವನ ಒಂದು ಚಪ್ಪಲಿ ಮಣ್ಣಿನಲ್ಲಿ ಹೂತುಹೋಗಿತ್ತು. ಕಾಲು ಉಳಿದಿತ್ತು.

ಕಾಂಪೌಂಡರು ಎಂಜಿನ್ ಆರಿಸಿ ಇಳಿದು ಬಂದರು. "ನಾನು ಕೇಳ್ದೆ! ಇಳಿಸ್ಲಾ ಅಂತ ಕೇಳ್ದೆ! ಹೂಂ ಅಂತ ತಲೆ ಆಡಿಸಿದ್ರಲ್ಲ!"

"ಅವ್ರಿಗೆ ಕಿವಿ ಕೇಳಲ್ಲ" ಎಂದಳು ಅವಳು.

ನೆಲದ ಮೇಲೆ ಕೂತೇ ಹೇಳಿದಳು, ಮಂಡಿಗೆ ಹತ್ತಿದ ಮಣ್ಣನ್ನೂ ಕೊಡವದೆ. "ಒಂದೂವರೆ ವರ್ಷ ಆಯ್ತು ಕಿವಿ ಹೋಗಿ. ಯಾರು ಏನಂದ್ರೂ ತಲೆ ಆಡಿಸ್ತಾರೆ. ನಿಮ್ಮನ್ನ ಬಾವಿಗೆ ತಳ್ಳಲಾ ಅಂದ್ರೂ ಹೂಂ ಅಂತಾರೆ. ಬೇಜಾರು ಕಳೆಯೋಕೆ ಬರ್ತಾ ಇಲ್ಲ ನಾನು. ಅವರ ಬದಲು ಕೇಳೋಕೆ ಬರ್ತಾ ಇದೀನಿ. ಸಾಕಾಗಿದೆ ನಂಗೆ."

ಗಂಡ ಅವಳ ತುಟಿಗಳನ್ನೇ ನೋಡುತ್ತಿದ್ದ. ಪೂರ್ತಿ ತಿಳಿಯಿತೋ ಅರ್ಧ ತಿಳಿಯಿತೋ, ಮುಖ ಸಣ್ಣದಾಯಿತು. ಎದ್ದು, ಬರಿಗಾಲಲ್ಲೇ ಹೋಗಿ ಶೆಡ್ಡಿನ ಕಟ್ಟೆಯ ಮೇಲೆ ಬೆನ್ನು ಹಾಕಿ ಕುಳಿತ. ಇಷ್ಟು ದಿನ ಕಾಪಾಡಿದ ಮಾನವನ್ನು ಒಂದು ಉಸಿರಿನಲ್ಲಿ ಹರಾಜು ಹಾಕಿದೆನಲ್ಲ ಎಂದು ಅವಳಿಗೂ ಅನಿಸಿತು. ಆದರೆ ಪಶ್ಚಾತ್ತಾಪ ಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಕಾಂಪೌಂಡರು ಒಳಗೆ ಹೋಗಿ ಎರಡು ಲೋಟ ನೀರು ತಂದರು. ಅವಳಿಗೊಂದು ಕೊಟ್ಟು, ಇನ್ನೊಂದನ್ನು ಹಿಡಿದು ಲಿಫ್ಟಣ್ಣನ ಎದುರಿಗೇ ಹೋಗಿ, ಸ್ಟೂಲು ಎಳೆದುಕೊಂಡು ಕೂತು, ಆಸ್ಪತ್ರೆಯ ಕಿಟಕಿಯಲ್ಲಿ ಮುದುಕರಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹೇಳಿದರು, "ಸಣ್ಣ ಸಣ್ಣ ಗುಟುಕು. ನಿಧಾನ."

ಲಿಫ್ಟಣ್ಣ ಕುಡಿದ.

"ನನ್ನ ತಪ್ಪೂ ಇದೆ. ಕಾಲು ಎಲ್ಲಿದೆ ಅಂತ ನೋಡದೆ ಇಳಿಸಬಾರ್ದಿತ್ತು" ಎಂದರು ಕಾಂಪೌಂಡರು. ಅವನು ತಲೆಯಾಡಿಸಲು ಹೋಗಿ ಅರ್ಧದಲ್ಲೇ ನಿಲ್ಲಿಸಿದ.

ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಟ್ರ್ಯಾಕ್ಟರಿನ ಬಳಿ ಹೋದಳು. "ಫಿಲ್ಟರ್ ಬಿಚ್ಚಿ" ಎಂದಳು.

"ಅದು ಹೊಸದಮ್ಮಾ" ಎಂದರು ಕಾಂಪೌಂಡರು. "ನಾನೇ ಹಾಕಿದ್ದು. ಪುಸ್ತಕದಲ್ಲಿ ಹೇಳಿದ ಹಾಗೆ. ರಬ್ಬರಿಗೆ ಎಣ್ಣೆ ಸವರಿ, ಕೈಯಲ್ಲೇ ಬಿಗಿ ಮಾಡಿ…"

"ಹೊಸದೇ ಇರ್ಲಿ. ಬಿಕ್ಕಳಿಕೆ ಶುರುವಾಗಿದ್ದೂ ಅದನ್ನ ಹಾಕಿದ್ಮೇಲೇ ಅಲ್ವಾ? ಬಿಚ್ಚಿ ನೋಡೋಕೇನು?"

ಇಬ್ಬರೂ ಕಟ್ಟೆಯ ಕಡೆ ನೋಡಿದರು. ಲಿಫ್ಟಣ್ಣ ಅವಳ ಬೆರಳು ಎತ್ತ ತೋರಿಸುತ್ತಿದೆಯೆಂದು ನೋಡಿದ. ಬೇಡವೆನ್ನಲಿಲ್ಲ. ಎದ್ದು ಬಂದು ಮೊದಲು ಎರಡು ದಿಮ್ಮಿ ತಂದು ರೋಟವೇಟರಿನ ಪಕ್ಕ ಇಟ್ಟ. ಅದು ನೆಲದ ಮೇಲೇ ಇತ್ತು, ಬೇಕಿರಲಿಲ್ಲ, ಆದರೂ ಇಟ್ಟ. ಆಮೇಲೆ ಫಿಲ್ಟರಿನ ಕೆಳಗೆ ಬಾಣಲೆ ಒಡ್ಡಿ, ಡಬ್ಬಕ್ಕೆ ಪಟ್ಟಿ ಸುತ್ತಿ ತಿರುಗಿಸಿದ. ಎಣ್ಣೆ ಸುರಿಯಿತು. ನಿನ್ನೆ ಸೋಸಿ ಹಾಕಿದ ತಿಳಿ ಎಣ್ಣೆ ಈಗ ನೊರೆನೊರೆಯಾಗಿ, ಕಡೆದ ಮಜ್ಜಿಗೆಯ ಹಾಗಾಗಿತ್ತು. ಅದನ್ನು ಕಂಡೊಡನೆ ಅವನ ಕೈ ನಿಂತಿತು. ನೊರೆಯ ಅರ್ಥ ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಎಲ್ಲಿಂದಲೋ ಗಾಳಿ ಸೇರುತ್ತಿದೆ. ಹೆಂಡತಿಯ ಕಡೆ ನೋಡಲಿಲ್ಲ. ಫಿಲ್ಟರಿನ ಬಾಯಿಯ ರಬ್ಬರ್ ರಿಂಗು ತಡವಿದ. ಚೆನ್ನಾಗಿತ್ತು, ಎಲ್ಲೂ ಹರಿದಿರಲಿಲ್ಲ.

"ಸರಿಯಾಗೇ ಇದೆಯಲ್ಲ" ಎಂದರು ಕಾಂಪೌಂಡರು, ಉಸಿರು ಬಿಟ್ಟು.

ಅವಳು ಬಗ್ಗಿ, ಫಿಲ್ಟರ್ ಕೂರುವ ಜಾಗಕ್ಕೇ ಬೆರಳು ಹಾಕಿದಳು. ಕಣ್ಣಿಗೆ ಎಲ್ಲ ಕಪ್ಪೇ, ಎಣ್ಣೆ ಮೆತ್ತಿದ ಕಪ್ಪು ಕಬ್ಬಿಣ. ಆದರೆ ನಲವತ್ತು ವರ್ಷ ಬಟ್ಟೆಯ ಅಂಚು ಮಡಿಚಿದ ಬೆರಳಿಗೆ, ಒಂದೇ ಪದರವೋ ಎರಡೋ ಎನ್ನುವುದನ್ನು ಕಣ್ಣು ಹೇಳಬೇಕಿಲ್ಲ. ಉಗುರು ಒಂದು ಅಂಚಿಗೆ ಸಿಕ್ಕಿತು. ಮೆಲ್ಲಗೆ ಮೀಟಿದಳು. ಕಬ್ಬಿಣವೆಂದುಕೊಂಡದ್ದು ಎದ್ದು ಬಂತು.

ಹಳೇ ಫಿಲ್ಟರಿನ ರಬ್ಬರ್ ರಿಂಗು! ಹಳೆಯದನ್ನು ಬಿಚ್ಚಿದಾಗ ಅದರ ರಿಂಗು ಜೊತೆಗೆ ಬರದೆ ಅಲ್ಲೇ ಅಂಟಿಕೊಂಡು ಉಳಿದಿತ್ತು. ಕಾಂಪೌಂಡರು ಅದರ ಮೇಲೇ ಹೊಸದನ್ನು ರಿಂಗಿನ ಸಮೇತ ಬಿಗಿದಿದ್ದರು. ರಿಂಗಿನ ಮೇಲೆ ರಿಂಗು ಜಾರಿ, ಎಲ್ಲೋ ಒಂದು ಕೂದಲೆಳೆಯಷ್ಟು ಸಂದು. ಎಣ್ಣೆ ಹೊರಗೆ ಸೋರುವಷ್ಟು ದೊಡ್ಡದಲ್ಲ, ಪಂಪು ಎಳೆದಾಗ ಗಾಳಿ ಒಳನುಗ್ಗುವಷ್ಟು. ನಿನ್ನೆ ಸಂಜೆ ಎಣ್ಣೆ ತಿಳಿಯಾಗಿದ್ದಾಗ ಎರಡು ಸಲ ಎದ್ದು, ಮೂರನೇ ಸಾಲಿಗೆ ನೊರೆ ತುಂಬಿ ಬಿಕ್ಕಿದ್ದು ಅದಕ್ಕೇ.

ಕಾಂಪೌಂಡರು ಆ ರಿಂಗನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಮೂವತ್ತೈದು ವರ್ಷ ಔಷಧಿ ಅಳೆದೆ. ಒಬ್ರಿಗೂ ಒಂದು ಹನಿ ಹೆಚ್ಚು ಕೊಟ್ಟಿಲ್ಲ" ಎಂದರು. "ಟ್ರ್ಯಾಕ್ಟರಿಗೆ ಡಬಲ್ ಡೋಸ್ ಕೊಟ್ಬಿಟ್ನಲ್ಲ."

ಅವಳಿಗೆ ನಗು ಬಂತು. ನಕ್ಕದ್ದೇ ತಡ, ಕಣ್ಣಲ್ಲಿ ನೀರೂ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡರೆ ಮುಖಕ್ಕೆಲ್ಲ ಎಣ್ಣೆ ಹತ್ತಿತು.

ಗಂಡ ಜಾಗ ಒರೆಸಿದ, ಫಿಲ್ಟರ್ ಕೂರಿಸಿದ, ಹೊಸ ಎಣ್ಣೆ ತುಂಬಿದ. ಎಂಜಿನ್ ಚಾಲೂ ಆಗಿ ರೋಟವೇಟರ್ ಹತ್ತಾರು ಸಲ ಎದ್ದಿಳಿಯಿತು. ಮೊದಮೊದಲು ಒಳಗುಳಿದ ಗಾಳಿಗೆ ಸ್ವಲ್ಪ ತಡವರಿಸಿ, ಆಮೇಲೆ ಒಂದೇ ಸಮ, ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ. ಅವನು ಪಂಪಿನ ಪಕ್ಕದ ಕಬ್ಬಿಣಕ್ಕೆ ಅಂಗೈ ಒತ್ತಿ ಹಿಡಿದಿದ್ದ. ಕಣ್ಣು ಮಾತ್ರ ಹೆಂಡತಿಯ ಮುಖದ ಮೇಲಿತ್ತು. ಅವಳು ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದಳು. ಈಗ ಬಾಟಲಿ ಚೀಪುವ ಸದ್ದಿರಲಿಲ್ಲ. ಮಗು ಹೊಟ್ಟೆ ತುಂಬಿ ಮಲಗಿದಂತಿತ್ತು. ಕೈ ಕಟ್ಟಿ ನಿಂತಳು.

ಎರಡು ದಿನ ಅವನು ಊಟ ಮಾಡಿ ಎದ್ದು ಹೋಗುತ್ತಿದ್ದ. ಅವಳು ಹೊಲಿಯುತ್ತಿದ್ದಳು. ಮೂರನೆಯ ಬೆಳಿಗ್ಗೆ ಅವನು ಬಾಗಿಲಲ್ಲಿ ಬಂದು ನಿಂತು, "ಊರಿಗೆಲ್ಲ ಹೇಳ್ಬಿಟ್ಟೆ" ಎಂದ.

"ಒಬ್ರಿಗೆ ಹೇಳ್ದೆ."

"ಒಬ್ರಿಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೆ. ಇನ್ನು ನನ್ನ ಯಾರು ಕರೀತಾರೆ?"

ಅವಳು ಮೆಷಿನ್ ನಿಲ್ಲಿಸಿ, ಅವನಿಗೆ ಕಾಣುವಂತೆ ತಿರುಗಿ ಕೂತಳು. "ಕಾಲು ಹೋಗಿದ್ರೆ ಯಾರು ಕರೀತಿದ್ರು? ನಿಮ್ಮನ್ನ ಎಳೆದಾಗ ನನ್ ಭುಜ ಉಳುಕಿದೆ, ನೋಡಿ. ತೋಳು ಎತ್ತೋಕಾಗ್ತಿಲ್ಲ, ಆದ್ರೂ ಹೊಲೀತಾ ಇದೀನಿ. ನಾಳೆ ಡಾಕ್ಟ್ರ ಹತ್ರ ಹೋಗೋಣ. ನೀವು ಕಿವಿ ತೋರ್ಸಿ, ನಾನು ಭುಜ ತೋರಿಸ್ತೀನಿ. ಇಲ್ಲ ಅಂದ್ರೆ ಇನ್ಮೇಲೆ ನಿಮ್ ಹಿಂದೆ ನಾನು ಬರಲ್ಲ."

ಅವನು ತಲೆಯಾಡಿಸಿದ. "ಬಾಯ್ಬಿಟ್ಟು ಹೇಳಿ" ಎಂದಳು. "ಆಯ್ತು" ಎಂದ.

ಕಿವಿಯ ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಹೊರಗೆ ಬಂದು ಅವಳಿಗೆ ಹೇಳಿದ್ದು ಇಷ್ಟು: ನಲವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತು ಸಣ್ಣ ದನಿಗಳೆಲ್ಲ ಹೋಗಿವೆ, ಹೋದದ್ದು ಬರುವುದಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಕೇಳಿಸಬಹುದು. ಪಂಪಿನ ಅಳು, ಕಿರುಚಾಟ? ಡಾಕ್ಟರು ತಲೆ ಅಡ್ಡಡ್ಡ ಆಡಿಸಿದರು.

ಯಂತ್ರ ಬಂತು. ಮೊದಲ ದಿನ ಅವನು ಅದನ್ನು ಹಾಕಿಕೊಂಡು ಮನೆಯೆಲ್ಲ ಓಡಾಡಿದ. ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ ಎಂದ, ಚಪ್ಪಲಿ ಎಳೆಯುವುದು ಕೇಳುತ್ತದೆ ಎಂದ. ಎಂಜಿನ್ನಿನ ಹತ್ತಿರ ಹೋದರೆ ಮಾತ್ರ ಎಲ್ಲ ಸೇರಿ ಒಂದೇ ಗದ್ದಲ, ತಲೆ ಒಡೆಯುವಂತೆ. ಅಲ್ಲಿ ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳಬೇಕಾಯಿತು. ಅಂದರೆ ಅವಳ ಕೆಲಸ ತಪ್ಪಲಿಲ್ಲ. ಗುಟ್ಟು ಹೊರಬಿದ್ದರೆ ಬಿಡುಗಡೆ ಎಂದು ಒಳಗೊಳಗೇ ಆಸೆಪಟ್ಟಿದ್ದಳು. ಆದದ್ದು ಬೇರೆ. ಕಾಂಪೌಂಡರು ಸಸಿ ಕೊಳ್ಳಲು ಬಂದವರಿಗೆಲ್ಲ ರಬ್ಬರ್ ರಿಂಗಿನ ಕಥೆ ಹೇಳಿದ್ದರು, ಡಬಲ್ ಡೋಸನ್ನೂ ಮುಚ್ಚಿಡದೆ. ಈಗ ಫೋನು ಮಾಡಿದವರು, "ಅಮ್ಮಾ, ನೀವೂ ಬರ್ತೀರಲ್ಲ?" ಎಂದು ಮೊದಲೇ ಕೇಳುತ್ತಿದ್ದರು.

ಯೂನಿಫಾರ್ಮುಗಳು ಶಾಲೆ ತೆರೆಯುವ ಹಿಂದಿನ ದಿನ ಮುಗಿದವು, ನಾಲ್ಕು ಅಂಗಿ ಬಿಟ್ಟು. ಅವನ್ನು ಪಕ್ಕದ ಬೀದಿಯ ತಂಗಿಗೆ ಕೊಟ್ಟು ಹೊಲಿಸಿದಳು. ಆಮೇಲೆ ಗಂಡನೆದುರು ಕೂತು, ತನ್ನ ಷರತ್ತು ಹೇಳಿದಳು. ವಾರಕ್ಕೆ ಎರಡೇ ದಿನ, ಮಂಗಳವಾರ, ಶುಕ್ರವಾರ. ಅವತ್ತು ಅಡುಗೆ ಅವನದು. ಸನ್ನೆಗಿನ್ನೆ ಇಲ್ಲ, ಎಲ್ಲರೆದುರು ಬಾಯಿಬಿಟ್ಟು ಹೇಳುವುದು. ಮುಚ್ಚಳ ಬಿಚ್ಚುವ ಮುಂಚೆ ಅವಳನ್ನು ಕೇಳಬೇಕು.

"ಅಡುಗೆ ಕೆಟ್ರೆ ಬೈಬಾರ್ದು" ಎಂದ.

ಮೊದಲ ಮಂಗಳವಾರ ಹೋದದ್ದು ಇಟ್ಟಿಗೆ ಗೂಡಿನ ಹತ್ತಿರದ ಒಂದು ತರಕಾರಿ ತೋಟಕ್ಕೆ. ಗೇಟಿನ ಬಳಿ ಮಾಲೀಕನ ಅಕ್ಕ ನಿಂತಿದ್ದಳು. ಟ್ರ್ಯಾಕ್ಟರಿನ ಗೋಳನ್ನು ಒಂದೇ ಉಸಿರಿಗೆ ಹೇಳತೊಡಗಿದಳು. ಎತ್ತಿದ್ದು ನಿಲ್ಲುವುದಿಲ್ಲ, ಎಂಜಿನ್ ಆರಿಸಿದ ಐದು ನಿಮಿಷಕ್ಕೆ ನೇಗಿಲು ನೆಲಕ್ಕಿಳಿದು ಕೂರುತ್ತದೆ, ತಮ್ಮನಿಗೆ ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಲಿಫ್ಟಣ್ಣ ಸ್ಕೂಟರ್ ನಿಲ್ಲಿಸಿ, ಕೈ ಅಡ್ಡ ಹಿಡಿದು ಅವಳ ಮಾತು ತಡೆದ. ಒಮ್ಮೆ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ನಂಗೂ ಕಿವಿ ಸರಿಯಾಗಿ ಕೇಳಲ್ಲ. ಇವಳಿಗೆ ಕೇಳುತ್ತೆ. ನಂಗೆ ಹೇಳೋದಿದ್ರೆ ಮುಖ ನೋಡಿ, ನಿಧಾನವಾಗಿ ಹೇಳಿ. ನಾನು ತಲೆ ಆಡಿಸಿದ್ರೆ ನಂಬಬೇಡಿ."

ಅಕ್ಕ ಇಬ್ಬರ ಮುಖವನ್ನೂ ಒಂದು ಸಲ ನೋಡಿದಳು. "ಅದಕ್ಕೇನಂತೆ, ಬನ್ನಿ ಒಳಗೆ" ಎಂದು ಗೇಟು ತೆಗೆದಳು.

ಬಿಸಿಲು ಆಗಲೇ ಏರಿತ್ತು. ಭುಜದ ನೋವು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳು ಸ್ಟೂಲು ಕೇಳಿ ಪಡೆದು, ಟ್ರ್ಯಾಕ್ಟರಿನ ಪಕ್ಕ ನೆರಳಿದ್ದ ಕಡೆ ಹಾಕಿಕೊಂಡು ಕೂತಳು. ದೊಡ್ಡದೊಂದು ಆಕಳಿಕೆ ಬಂತು, ತಡೆಯಲಿಲ್ಲ. ಎಂಜಿನ್ ಚಾಲೂ ಮಾಡಿಸಿ ನೇಗಿಲು ಎತ್ತಿಸಿದ ಗಂಡ ದಿಮ್ಮಿಗಳನ್ನು ಅದರ ಅಡಿಗೆ ಒಂದೊಂದಾಗಿ ಇಡುತ್ತಿದ್ದ.

"ಎಂಜಿನ್ ಆರ್ಸಿ" ಎಂದಳು ಅವಳು, ಅವನು ತಿರುಗುವವರೆಗೆ ಕಾದು. "ಇದು ಆರಿಸಿದ್ಮೇಲೆ ತಾನೇ ಇಳಿಯೋದು? ಮೊದ್ಲು ಸುಮ್ನೆ ಇದ್ದಾಗ ಏನು ಮಾಡುತ್ತೆ ಕೇಳೋಣ."